ಗಂಟಲಿನ ಕ್ಯಾನ್ಸರ್: ಚಿಕಿತ್ಸಾನಂತರದ ಸ್ಕ್ಯಾನ್ ಮತ್ತು ಅಪಾಯದ ವರ್ಗೀಕರಣ

ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರೆಲ್ಲರಿಗೂ ಒಂದೇ ಕ್ರಮದಲ್ಲಿ ಸ್ಕ್ಯಾನ್ ಮಾಡಿಸಬೇಕಾಗಿಲ್ಲ, ರೋಗ ಮರುಕಳಿಸುವ ಅಪಾಯವನ್ನರಿತು ಪರೀಕ್ಷೆಗಳನ್ನು ಹೆಚ್ಚಿಸಬೇಕು ಅಥವಾ ಕಡಮೆ ಮಾಡಬೇಕು ಎಂಬ ವಾದವುಂಟು. ಅನಗತ್ಯ ಸ್ಕ್ಯಾನಿನಿಂದ ಹಣವ್ಯಯ, ಹುಸಿ ಶಂಕೆ, ಮನೋವ್ಯಥೆಗಳು ಒದಗುವುದರಿಂದ ಈ ವಾದವು ಯುಕ್ತವಾಗಿಯೇ ಇದೆ. ಚಿಕಿತ್ಸೆಯ ತೀರ್ಪು ವೈದ್ಯರದು. ಆದರೆ ಆಧಾರಗಳು ಎಷ್ಟರಮಟ್ಟಿಗೆ ಸಾಕ್ಷಿ ನುಡಿಯುತ್ತವೆಂದು ಪರಿಶೀಲಿಸುವುದು ಇತಿಹಾಸದ ಅಭ್ಯಾಸಿಗಳಾದ ನಮಗೂ ಸಲ್ಲುತ್ತದೆ.

ಮೊದಲನೆಯ ಆಧಾರ, 2010ರಲ್ಲಿ ಆಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಪ್ಯಾಪಿಲೋಮಾ ವೈರಸ್ಸಿನ ಇರವು, ಧೂಮಪಾನದ ಪ್ರಮಾಣ, ರೋಗದ ಹರಡಿಕೆ ಇವುಗಳಿಂದ ರೋಗಿಗಳನ್ನು ಅವರು ಮೂರು ವರ್ಗ ಮಾಡಿದರು. ಮೂರು ವರ್ಷಗಳ ತರುವಾಯ ಬದುಕಿದ್ದವರು ಅನುಕ್ರಮವಾಗಿ ಶೇಕಡ 93, 70.8 ಮತ್ತು 46.2. ವ್ಯತ್ಯಾಸ ದೊಡ್ಡದು, ನಿಜ. ಆದರೆ ಈ ಅಂಕಿಗಳು ಬದುಕುವವರಾರೆಂಬುದನ್ನು ಸೂಚಿಸುತ್ತವೆಯೇ ಹೊರತು ಸ್ಕ್ಯಾನಿನಿಂದ ಪ್ರಯೋಜನ ಹೊಂದುವವರಾರೆಂಬುದನ್ನಲ್ಲ.

ಎರಡನೆಯದು, 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಪೆಟ್-ನೆಕ್ ಪ್ರಯೋಗ. ಕತ್ತಿನ ಗ್ರಂಥಿಗಳಿಗೆ ರೋಗ ಹರಡಿದ್ದ 564 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕತ್ತಿನ ಶಸ್ತ್ರಕ್ರಿಯೆಯನ್ನು ಮೊದಲೇ ಗೊತ್ತುಮಾಡಲಾಯಿತು. ಉಳಿದವರಿಗೆ ಚಿಕಿತ್ಸೆ ಮುಗಿದ ಹನ್ನೆರಡು ವಾರಗಳಲ್ಲಿ ಪೆಟ್-ಸಿಟಿ ಸ್ಕ್ಯಾನ್ ಮಾಡಿ ನಿರ್ಧರಿಸಲಾಯಿತು. ಶಸ್ತ್ರಕ್ರಿಯೆಗಳು 221ರ ಬದಲು 54ಕ್ಕೆ ಇಳಿದವು. ಬದುಕುಳಿದವರ ಪ್ರಮಾಣ ಕುಗ್ಗಲಿಲ್ಲ. ಇದು ಶ್ಲಾಘ್ಯವಾದ ಫಲಿತಾಂಶ. ಆದರೂ ಮುಂದಿನ ವರ್ಷಗಳಲ್ಲಿ ಯಾರಿಗೆ ಎಷ್ಟು ಬಾರಿ ಸ್ಕ್ಯಾನ್ ಬೇಕೆಂಬ ಪ್ರಶ್ನೆಯನ್ನು ಆ ಪ್ರಯೋಗ ಎತ್ತಿಕೊಂಡಿರಲಿಲ್ಲ.

ನಮ್ಮ ಮುಖ್ಯ ಆಕ್ಷೇಪವಿರುವುದು ಅಳತೆಗೋಲಿನ ವಿಷಯದಲ್ಲಿ. ಆಂಗ್ ಅವರ ವರ್ಗೀಕರಣದಲ್ಲಿ ಧೂಮಪಾನದ ಗಡಿ, ದಿನಕ್ಕೊಂದು ಪೊಟ್ಟಣ ಸಿಗರೇಟಿನಂತೆ ಹತ್ತು ವರ್ಷ. ಬೀಡಿ ಸೇದುವ, ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ನಮ್ಮ ರೈತನನ್ನು ಈ ಗೋಲಿನಿಂದ ಅಳೆಯುವುದೆಂತು? ಸಿಗರೇಟು ಮುಟ್ಟದವನೆಂಬ ಕಾರಣದಿಂದ ಅವನ ಅಪಾಯವನ್ನು ಕಡಮೆಯೆಂದೆಣಿಸಿ ಪರೀಕ್ಷೆಯನ್ನು ಕೈಬಿಟ್ಟರೆ, ಮರುಕಳಿಸಿದ ರೋಗವು ಕಾಲ ಮೀರಿದ ಮೇಲೆ ಗೊತ್ತಾಗಬಹುದು. ಎಲ್ಲರಿಗೂ ಎಲ್ಲ ಪರೀಕ್ಷೆಯೆಂದರೆ, ದೂರದ ಊರಿನಿಂದ ಬರುವ ಕೂಲಿಯವನು ಸಾಲಗಾರನಾಗುತ್ತಾನೆ.

ಒಂದು ನಾಡಿನ ಶಾಸನದಿಂದ ಮತ್ತೊಂದು ನಾಡಿನ ಚರಿತ್ರೆಯನ್ನು ನಾವು ಬರೆಯುವುದಿಲ್ಲ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ದಾಖಲೆ ನಡೆದುಬಂದಿದೆ. ಅಂಥ ದಾಖಲೆಗಳೊಡನೆ ತಂಬಾಕಿನ ಬಗೆ, ವೈರಸ್ಸಿನ ಪರೀಕ್ಷೆ, ರೋಗ ಮರುಕಳಿಸಿದ ಕಾಲ ಇವನ್ನು ಜೋಡಿಸಿ ವರ್ಗಗಳನ್ನು ಇಲ್ಲಿಯೇ ಕಟ್ಟಬೇಕು. ಅಪಾಯಕ್ಕೆ ತಕ್ಕ ಪರೀಕ್ಷೆಯೆಂಬ ತತ್ತ್ವ ಗ್ರಾಹ್ಯ. ಎರವಲು ತಂದ ವರ್ಗಗಳನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾಗದು.