‘ಭೂಮಿ’ ಯೋಜನೆ ಮತ್ತು ಅದರ ವಿಮರ್ಶಕರು

ಕಚೇರಿಯೊಂದರಲ್ಲಿ ಗಣಕಯಂತ್ರವನ್ನು ಹೇಗೆ ಯೋಜಿಸಿ ಬಳಕೆಗೆ ತರಬೇಕೆಂಬ ಪ್ರಶ್ನೆಯನ್ನು ಯಂತ್ರಜ್ಞರಿಗೂ ಆಡಳಿತಗಾರರಿಗೂ ಬಿಟ್ಟುಕೊಡುವುದು ವಾಡಿಕೆ. ಇತಿಹಾಸದ ಅಧ್ಯಾಪಕರಾದ ನಾವು ಅದರಲ್ಲಿ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಹೆಸರಿನಿಂದ ಕೈಗೊಂಡ ಕಾರ್ಯವು ದಾಖಲೆಗಳಿಗೆ ಸಂಬಂಧಿಸಿದುದು. ದಾಖಲೆಯೇ ನಮ್ಮ ವಿಷಯದ ಬಂಡವಾಳ. ಈ ಯೋಜನೆಯನ್ನು ಕುರಿತು ಎರಡು ದಶಕಗಳಲ್ಲಿ ಸಾಕಷ್ಟು ಬರೆವಣಿಗೆ ಬೆಳೆದಿದೆ. ಅದರಲ್ಲಿ ಹೊಗಳಿದವರೂ ತೆಗಳಿದವರೂ ಒಂದು ಮುಖ್ಯಾಂಶವನ್ನು ಸಮಾನವಾಗಿ ಕಡೆಗಣಿಸಿದ್ದಾರೆಂದು ನಮಗೆ ತೋರುತ್ತದೆ. ಅದನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ನೆನೆಯೋಣ. ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರಕಾರದ ನೆರವು 1988-89ರಲ್ಲಿಯೇ ಆರಂಭವಾಯಿತು. ಕರ್ನಾಟಕದ ಮೊದಲ ಪ್ರಯೋಗವು 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ನಡೆದು ವಿಫಲವಾಯಿತು. ದಾಖಲೆಗಳನ್ನು ಯಂತ್ರಕ್ಕೆ ಊಡಿಸಿದ್ದೇನೋ ನಿಜ. ಆದರೆ ತಾಲ್ಲೂಕು ಕಚೇರಿಯಲ್ಲಿ ಯಂತ್ರವೇ ಇರಲಿಲ್ಲ. ಖಾತೆಗಳು ದಿನನಿತ್ಯವೂ ಬದಲಾಗುತ್ತಿದ್ದುದು ಗ್ರಾಮಲೆಕ್ಕಿಗನ ಪುಸ್ತಕದಲ್ಲಿ. ಆದುದರಿಂದ ಯಂತ್ರದೊಳಗಿನ ದಾಖಲೆಯು ಕೆಲವೇ ತಿಂಗಳುಗಳಲ್ಲಿ ಹಳಸಿಹೋಯಿತು. 1999ರ ತರುವಾಯ ಕೈಗೊಂಡ ‘ಭೂಮಿ’ ಈ ಪಾಠವನ್ನು ಚೆನ್ನಾಗಿ ಕಲಿತಿತ್ತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ತಾಲ್ಲೂಕು ತಾಲ್ಲೂಕುಗಳಲ್ಲಿ ಊಡಿಸಿ, ಮುದ್ರಿತ ಪ್ರತಿಗಳನ್ನು ಗ್ರಾಮಲೆಕ್ಕಿಗರಿಂದ ಪರಿಶೀಲಿಸಿ, 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿಯೂ ವಿತರಣಾ ಕೇಂದ್ರಗಳನ್ನು ತೆರೆಯಲಾಯಿತು. 15 ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನಾದರೂ ಯಾರಾದರೂ ಪಡೆಯಬಹುದಾಯಿತು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿಯನ್ನು ಯಂತ್ರವೇ ನಿಗದಿಮಾಡಿತು. ಬೆರಳಚ್ಚಿನ ಗುರುತಿಲ್ಲದೆ ಅಧಿಕಾರಿಯೂ ದಾಖಲೆಯನ್ನು ಮುಟ್ಟುವಂತಿರಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆಯೆಂದರೆ ಕೈಬರಹದ ಪಹಣಿಗೆ ಇದ್ದ ಮಾನ್ಯತೆಯನ್ನು ತೆಗೆದುಹಾಕಿದ್ದು. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪುಸ್ತಕಗಳು ಇದರಿಂದ ಮುಚ್ಚಿಹೋದುವು.

ಯೋಜನೆಯ ಮುಂದಾಳುಗಳಾದ ರಾಜೀವ ಚಾವ್ಲಾ ಅವರೂ ಅದನ್ನು ಅಭ್ಯಸಿಸಿದ ಸುಭಾಷ್ ಭಟ್ನಾಗರ್ ಅವರೂ ಇದನ್ನು ಆಡಳಿತ ಸುಧಾರಣೆಯ ಮಾದರಿಯೆಂದು ಎಣಿಸಿದರು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನವರು 2002ರಲ್ಲಿ ಬಳಕೆದಾರರನ್ನು ವಿಚಾರಿಸಿ, ಲಂಚವೂ ವಿಳಂಬವೂ ಗಣನೀಯವಾಗಿ ಇಳಿದುವೆಂದು ವರದಿಮಾಡಿದರು. ಇದಕ್ಕೆ ವಿರುದ್ಧವಾಗಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರ ತಮ್ಮ ಪ್ರಬಂಧದಲ್ಲಿ, ದಾಖಲೆ ಒಂದೆಡೆ ಕೇಂದ್ರೀಕೃತವಾದುದರಿಂದ ಬೆಂಗಳೂರಿನ ಸುತ್ತಲಿನ ಭೂಮಿಯು ದೊಡ್ಡ ಬಂಡವಾಳಗಾರರಿಗೆ ಸುಲಭವಾಗಿ ದೊರೆಯುವಂತಾಯಿತೆಂದು ವಾದಿಸಿದರು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಆದರೆ ಮೊದಲಿನವರು ಕಿಟಕಿಯ ಮುಂದೆ ನಿಂತ ರೈತನನ್ನು ನೋಡಿದರು. ಎರಡನೆಯವರು ರಾಜಧಾನಿಯ ಅಂಚಿನ ಮಾರುಕಟ್ಟೆಯನ್ನು ನೋಡಿದರು. ಮುಚ್ಚಿಹೋದ ಆ ಪುಸ್ತಕದೊಳಗೆ ಏನಿತ್ತು, ಅದರಲ್ಲಿ ಯಾವುದು ಯಂತ್ರಕ್ಕೆ ದಾಟಿತು, ಯಾವುದು ದಾಟಲಿಲ್ಲ ಎಂಬುದನ್ನು ಇಬ್ಬರೂ ವಿಚಾರಿಸಲಿಲ್ಲ.

ಈ ಪ್ರಶ್ನೆ ನಮ್ಮ ಮನಸ್ಸಿಗೆ ಹೊಳೆದುದು ಗ್ರಂಥಾಲಯದಲ್ಲಲ್ಲ. ಅಂಕೋಲಾ ತಾಲ್ಲೂಕಿನ ಹಿಲ್ಲೂರಿನಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತರಗತಿಗೆ ಎರಡು ಕಾಗದಗಳನ್ನು ತಂದಿದ್ದನು. ಒಂದು ಅವನ ಅಜ್ಜನ ಪೆಟ್ಟಿಗೆಯಲ್ಲಿದ್ದ ಕೈಬರಹದ ಪಹಣಿಯ ಪ್ರತಿ. ಇನ್ನೊಂದು ಅದೇ ಸರ್ವೆ ನಂಬರಿನ ಮುದ್ರಿತ ಪಹಣಿ. ಹಳೆಯ ಕಾಗದದ ಅಂಚಿನಲ್ಲಿ, ಗದ್ದೆಯ ಅರ್ಧವನ್ನು ಅಜ್ಜನ ತಮ್ಮನು ಸಾಗುಮಾಡುತ್ತಿರುವನೆಂದು ಪೆನ್ಸಿಲಿನಲ್ಲಿ ಬರೆದಿತ್ತು. ಹೊಸ ಕಾಗದದಲ್ಲಿ ಸಾಗುವಳಿದಾರರ ಅಂಕಣದಲ್ಲಿ ‘ಸ್ವಂತ’ ಎಂಬ ಒಂದೇ ಮಾತಿತ್ತು. ಖಾತೆದಾರರ ಅಂಕಣದಲ್ಲಿ ಎಂದೋ ತೀರಿಕೊಂಡಿದ್ದ ಅಜ್ಜನ ಹೆಸರೇ ಇನ್ನೂ ಇತ್ತು. ಇದರಲ್ಲಿ ಯಾರ ತಪ್ಪನ್ನೂ ಹುಡುಕಬೇಕಾಗಿಲ್ಲ. ಪೌತಿ ಖಾತೆಗೆ ಮನೆಯವರು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಪೆನ್ಸಿಲಿನ ಬರಹಕ್ಕೆ ಕಾನೂನಿನ ಬಲ ಎಂದೂ ಇರಲಿಲ್ಲ.

ಆದರೂ ಆ ಅಂಚು ನಮ್ಮ ಜಿಲ್ಲೆಯಲ್ಲಿ ಅಲ್ಪವಾದುದಲ್ಲ. 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಭೇದಗಳಿದ್ದುವು. ಚಾಲಗೇಣಿಯ ಒಕ್ಕಲಿಗನು ಒಡೆಯನ ಇಷ್ಟವಿರುವವರೆಗೆ ಉಳುವವನು. ಅವನ ಹೆಸರು ಬರೆಹಕ್ಕೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ದಿನಕರ ದೇಸಾಯಿಯವರು ಈ ಗೇಣಿದಾರರನ್ನು ಸಂಘಟಿಸಲು ಹೊರಟುದರ ಹಿಂದೆ ಈ ಅನಿಶ್ಚಯವೇ ಇತ್ತು. 1974ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ಗೇಣಿದಾರರು ನ್ಯಾಯಮಂಡಳಿಗಳ ಮುಂದೆ ಅರ್ಜಿಯಿಟ್ಟಾಗ, ಪಹಣಿಯ ಸಾಗುವಳಿ ಅಂಕಣದಲ್ಲಿ ಹೆಸರಿದ್ದವನ ಕೈಯಲ್ಲಿ ಬಲವಾದ ಸಾಕ್ಷ್ಯವಿತ್ತು. ಹೆಸರಿಲ್ಲದವನು ನೆರೆಹೊರೆಯವರ ಬಾಯಿಮಾತನ್ನು ನಂಬಬೇಕಾಯಿತು. ಇಲ್ಲಿಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಗೌಡರಿರುವುದು ಅಪರೂಪವಲ್ಲ. ಅವರಲ್ಲಿ ಯಾರು ಯಾವ ತುಂಡನ್ನು ಉಳುತ್ತಾರೆಂಬುದು ಲೆಕ್ಕಿಗನ ನೆನಪಿನಲ್ಲಿಯೂ ಅವನ ಪೆನ್ಸಿಲಿನ ಗುರುತಿನಲ್ಲಿಯೂ ಉಳಿಯುತ್ತಿತ್ತು. ಅರಣ್ಯದಂಚಿನ ಅತಿಕ್ರಮಣ ಸಾಗುವಳಿಯ ಮಾತಂತೂ ಬೇರೆಯೇ. ಅದಕ್ಕೆ ಪಹಣಿಯಲ್ಲಿ ಸ್ಥಾನವೇ ಇರಲಿಲ್ಲ.

ಇಷ್ಟು ಹೇಳಿದಮಾತ್ರಕ್ಕೆ ಹಳೆಯ ಪುಸ್ತಕವನ್ನು ನಾವು ಹಂಬಲಿಸುತ್ತೇವೆಂದು ಯಾರೂ ತಿಳಿಯಬಾರದು. ಅದೇ ಪೆನ್ಸಿಲು ಲಂಚದ ಸಾಧನವೂ ಆಗಿತ್ತು. ಅಂಚಿನ ಬರಹವನ್ನು ಬರೆಯಲೂ ಅಳಿಸಲೂ ಬೆಲೆ ಕಟ್ಟಲಾಗುತ್ತಿತ್ತೆಂಬುದನ್ನು ಹಳ್ಳಿಗಳಲ್ಲಿ ಬೆಳೆದವರು ಬಲ್ಲರು. ಆ ಅಧಿಕಾರವನ್ನು ಕಿತ್ತುಕೊಂಡುದೇ ‘ಭೂಮಿ’ಯ ಗೆಲವು. ನಮ್ಮ ಆಕ್ಷೇಪಣೆ ಬೇರೆ. ಹಳೆಯ ಪುಸ್ತಕವನ್ನು ಮುಚ್ಚುವುದೆಂದರೆ ಒಂದು ದಿನದ ಬರಹವನ್ನು ಮುಂದಿನ ಎಲ್ಲ ದಿನಗಳಿಗೂ ಪ್ರಮಾಣವೆಂದು ಸಾರುವುದು. ಯೋಜನೆಯಲ್ಲಿ ಯಂತ್ರಕ್ಕೆ, ತಂತ್ರಾಂಶಕ್ಕೆ, ತರಬೇತಿಗೆ, ಕೊನೆಗೆ ಕಿಟಕಿಯ ಎತ್ತರಕ್ಕೂ ಆಲೋಚನೆ ನಡೆದಿರಬಹುದು. ಆದರೆ ಆ ಒಂದು ದಿನದ ಬರಹ ಎಷ್ಟು ನಂಬತಕ್ಕದ್ದು ಎಂಬುದಕ್ಕೆ ಅದೇ ಪ್ರಮಾಣದ ಆಲೋಚನೆ ದೊರೆಯಲಿಲ್ಲ. ಮುದ್ರಿತ ಪ್ರತಿಯನ್ನು ಪುಸ್ತಕದೊಡನೆ ಹೋಲಿಸಿದರು. ಪುಸ್ತಕವನ್ನು ಗದ್ದೆಯೊಡನೆ ಹೋಲಿಸಲಿಲ್ಲ. ಪಹಣಿಗೂ ಆಕಾರಬಂದಿಗೂ ವಿಸ್ತೀರ್ಣ ತಾಳೆಯಾಗದಿರುವುದು, ಪೋಡಿಯಾಗದ ಜಂಟಿ ಖಾತೆಗಳು, ಸತ್ತವರ ಹೆಸರಿನ ಖಾತೆಗಳು ಇವೆಲ್ಲ ಅಚ್ಚಾದ ಅಕ್ಷರದ ಗಾಂಭೀರ್ಯವನ್ನು ಪಡೆದು ಕುಳಿತುವು. ಸರದಿಯ ನಿಯಮ ನ್ಯಾಯವಾದುದೇ. ಆದರೆ ಅದು ಅರ್ಜಿ ಕೊಟ್ಟವನಿಗೆ ಮಾತ್ರ ನ್ಯಾಯ.

ಗ್ರಾಮಲೆಕ್ಕಿಗನ ವಿಷಯದಲ್ಲಿಯೂ ಇದೇ ಅಲಕ್ಷ್ಯ. 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನವು ಪರಂಪರೆಯ ಶಾನುಭೋಗನನ್ನು ತೆಗೆದು, ಅವನ ಸ್ಥಾನದಲ್ಲಿ ಸಂಬಳದ ನೌಕರನನ್ನು ನಿಲ್ಲಿಸಿತು. ‘ಭೂಮಿ’ಯು ಆ ನೌಕರನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡಿತು. ಆದರೆ ಅವನಿಲ್ಲದೆ ಕೆಲಸ ಸಾಗಲಿಲ್ಲ. ಈಗ ಗ್ರಾಮ ಆಡಳಿತ ಅಧಿಕಾರಿಯೆಂಬ ಹೊಸ ಹೆಸರನ್ನು ಪಡೆದಿರುವ ಅವರು 2024ರ ಸೆಪ್ಟೆಂಬರಿನಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿದರು. ಒಂದರ ಮೇಲೊಂದಾಗಿ ಬಂದ ಹಲವು ಮೊಬೈಲ್ ತಂತ್ರಾಂಶಗಳಲ್ಲಿ ಕೆಲಸ ಮಾಡಬೇಕಾಗಿದ್ದರೂ ಅದಕ್ಕೆ ತಕ್ಕ ಸಲಕರಣೆಗಳಿಲ್ಲವೆಂಬುದು ಅವರ ಮುಖ್ಯ ದೂರು. 1991ರಲ್ಲಿ ತಾಲ್ಲೂಕಿನಲ್ಲಿ ಯಂತ್ರವಿರಲಿಲ್ಲ. ಮೂವತ್ತಮೂರು ವರ್ಷಗಳ ತರುವಾಯ ಗ್ರಾಮದಲ್ಲಿ ಸಲಕರಣೆಯಿಲ್ಲವೆಂಬ ದೂರು. ಈ ಹೋಲಿಕೆಯನ್ನು ಆಡಳಿತಶಾಸ್ತ್ರದ ಮಿತ್ರರು ಇನ್ನೂ ವಿಸ್ತಾರವಾಗಿ ಪರೀಕ್ಷಿಸುವುದು ಯುಕ್ತ.

ಕಂದಾಯ ಇಲಾಖೆಯು 2024ರಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಿಂದ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನೂ ವಹಿಗಳನ್ನೂ ಪುಟಪುಟವಾಗಿ ಛಾಯೆ ತೆಗೆದು ಯಂತ್ರದಲ್ಲಿರಿಸುವ ಕಾರ್ಯವನ್ನು ಆರಂಭಿಸಿದೆ. ಹಳೆಯ ಕಾಗದಗಳ ಬೆಲೆ ಕಡೆಗೂ ಒಪ್ಪಿತವಾಯಿತೆಂದು ಇತಿಹಾಸದ ವಿದ್ಯಾರ್ಥಿಗಳಾದ ನಾವು ಸಂತೋಷಪಡಬೇಕು. ಈ ಕಾರ್ಯದಲ್ಲಿ ಅಂಚುಗಳನ್ನು ಕತ್ತರಿಸದೆ ತೆಗೆಯುವಂತೆಯೂ, ಮಾಸಿದ ಪೆನ್ಸಿಲಿನ ಗೆರೆ ಮೂಡುವಷ್ಟು ಸ್ಪಷ್ಟತೆಯನ್ನಿರಿಸುವಂತೆಯೂ ಇಲಾಖೆಯವರು ಗಮನಿಸಬೇಕೆಂದು ಸೂಚಿಸುತ್ತೇವೆ. ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗಲಲಾರದು.

ಹಿಲ್ಲೂರಿನ ಆ ವಿದ್ಯಾರ್ಥಿಯ ಮನೆಯವರು ಈಗ ಪೌತಿ ಖಾತೆಗೆ ಅರ್ಜಿ ಸಲ್ಲಿಸಿದ್ದಾರೆ. ಅದರೊಡನೆ ಕೊಟ್ಟ ವಂಶವೃಕ್ಷದಲ್ಲಿ ಅಜ್ಜನ ಮಕ್ಕಳ ಹೆಸರುಗಳಿವೆ. ಅಜ್ಜನ ತಮ್ಮನ ಮಕ್ಕಳು ಅದರಲ್ಲಿಲ್ಲ. ಗದ್ದೆಯ ಅರ್ಧವನ್ನು ಇಂದಿಗೂ ಅವರೇ ಉಳುತ್ತಾರೆ.