ಎರಡನೆಯವಳು ಎಲ್ಲಿ ನಿಲ್ಲಬೇಕು?

ಕಟ್ಟಡಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಸೂತ್ರ ಕೇಳಿಬರುತ್ತದೆ: ರೂಪವು ಉಪಯೋಗವನ್ನು ಅನುಸರಿಸಬೇಕು. 1896ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ ಎತ್ತರದ ಕಚೇರಿ ಕಟ್ಟಡಗಳನ್ನು ಕುರಿತು ಬರೆಯುತ್ತ ಈ ಅರ್ಥದ ಮಾತು ಆಡಿದ. ಆಮೇಲೆ ಅದು ಗಾದೆಯಂತೆ ಊರೂರು ತಿರುಗಿತು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಕೇರುವುದಕ್ಕೆ ತಕ್ಕಂತೆ ಮೊರವಿದೆ, ಕುಟ್ಟುವುದಕ್ಕೆ ತಕ್ಕಂತೆ ಒನಕೆಯಿದೆ. ಮನೆಯೂ ಹಾಗಿರಲಿ ಎಂದರೆ ಯಾರು ತಾನೇ ಬೇಡವೆಂದಾರು? ಆದರೆ ಮೊರದ ಉಪಯೋಗವೇನೆಂದು ಕೇರುವವಳಿಗೆ ಗೊತ್ತು. ಮನೆಯ ಉಪಯೋಗವೇನೆಂದು ನಿರ್ಧರಿಸುವವರು ಯಾರು? ಸೂತ್ರ ಈ ವಿಷಯದಲ್ಲಿ ಮೌನವಾಗಿದೆ. ಮಾತಾಡುವುದು ಒಂದು ಅಡುಗೆಮನೆ.

ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ವಾಸದ ಮನೆಗಳಿಗೆ ದೊಡ್ಡ ಅಭಾವವಿತ್ತು. ಅರ್ನ್ಸ್ಟ್ ಮೈ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ನಗರಾಡಳಿತ ಸಾವಿರಾರು ಅಗ್ಗದ ಮನೆಗಳನ್ನು ಕಟ್ಟಿಸಿತು. ಅವಕ್ಕಾಗಿ 1926ರಲ್ಲಿ ಅಡುಗೆಮನೆಯನ್ನು ರೂಪಿಸಿದವರು ವಿಯೆನ್ನಾದಿಂದ ಬಂದ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ. ಆಸ್ಟ್ರಿಯದ ಮೊದಲ ತಲೆಮಾರಿನ ಮಹಿಳಾ ವಾಸ್ತುಶಿಲ್ಪಿ ಆಕೆ. ಅಗಲ ಸುಮಾರು 6 ಅಡಿ, ಉದ್ದ ಸುಮಾರು 11 ಅಡಿಯ ಈ ಕೋಣೆ ಸುಮಾರು 10,000 ಮನೆಗಳನ್ನು ಸೇರಿತು.

ಆಕೆಗೆ ಮಾದರಿಯಾಗಿದ್ದದ್ದು ರೈಲಿನ ಊಟದ ಬೋಗಿಯ ಅಡುಗೆಕೋಣೆ. ಇಕ್ಕಟ್ಟಿನಲ್ಲೇ ನೂರಾರು ಊಟ ಸಿದ್ಧವಾಗುವ ಜಾಗ ಅದು. ಕೈಗೆಟಕುವಲ್ಲಿ ಎಲ್ಲವೂ ಇದ್ದರೆ ಹೆಂಗಸಿಗೆ ನಡೆದಾಟ ಉಳಿಯುತ್ತದೆ ಎಂದು ಹೆಜ್ಜೆ, ಸಮಯ ಎರಡನ್ನೂ ಲೆಕ್ಕ ಹಾಕಿದರು. ಅಕ್ಕಿ, ಸಕ್ಕರೆ ಸುರಿಯಲು ಮೂತಿಯಿರುವ ಅಲ್ಯೂಮಿನಿಯಂ ಡಬ್ಬಿಗಳ ಸಾಲು, ಒಂದೊಂದರ ಮೇಲೂ ಹೆಸರು. ಹುಳು ಬೀಳದಿರಲೆಂದು ಹಿಟ್ಟಿಗೆ ಓಕ್ ಮರದ ಡ್ರಾಯರ್. ನೊಣ ಕೂರುವುದಿಲ್ಲ ಎಂಬ ನಂಬಿಕೆಯಿಂದ ಕಪಾಟುಗಳಿಗೆ ನೀಲಿ ಬಣ್ಣ. ಕಿಟಕಿಯ ಬೆಳಕಿನಲ್ಲಿ ಕೂತು ತರಕಾರಿ ಹೆಚ್ಚಲು ತಿರುಗುವ ಸ್ಟೂಲು. ಪಕ್ಕದ ಕೋಣೆಯಲ್ಲಿ ಆಡುವ ಮಕ್ಕಳ ಮೇಲೆ ಕಣ್ಣಿಡಲು ಸರಿಸುವ ಬಾಗಿಲು. ಅಡುಗೆಮನೆಯ ಕೆಲಸವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಅದಕ್ಕೆ ಮುಂಚೆ ತೀರ ಕಡಿಮೆ. ಮನೆ ಕಟ್ಟುವವರು ಅಡುಗೆಮನೆಯನ್ನು ಕೊನೆಗೆ ನೆನೆಯುವ ನಮ್ಮಲ್ಲಂತೂ ಈ ಗೌರವ ದೊಡ್ಡದು.

ಆದರೂ ಈ ಕೋಣೆಯ ಚಿತ್ರ ನೋಡುತ್ತಿದ್ದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ಕೆಲಸ ಮಾಡುವುದು ಕಷ್ಟ. ಒಬ್ಬಳು ಬಗ್ಗಿ ಡ್ರಾಯರ್ ಎಳೆದರೆ ಇನ್ನೊಬ್ಬಳು ಹೊರಗೆ ಬರಬೇಕು. ಅಲ್ಲಿಯವರೆಗೆ ಅಂಥ ದುಡಿಯುವ ಕುಟುಂಬಗಳಲ್ಲಿ ಎಷ್ಟೋ ಕಡೆ ಒಲೆಯಿದ್ದ ಕೋಣೆಯೇ ಎಲ್ಲರೂ ಕೂರುವ ಕೋಣೆಯೂ ಆಗಿತ್ತು. ಹೊಗೆ, ಗಲಾಟೆ, ಮಾತು ಎಲ್ಲ ಒಂದೇ ಕಡೆ. ಹೊಸ ಕೋಣೆ ಹೊಗೆಯನ್ನು ದೂರವಿಟ್ಟಿತು, ಜೊತೆಗೇ ಮಾತನ್ನೂ ದೂರವಿಟ್ಟಿತು. 1970ರ ದಶಕದಿಂದೀಚೆಗೆ ಸ್ತ್ರೀವಾದಿ ವಿಮರ್ಶಕಿಯರು ಇದನ್ನೇ ಆಕ್ಷೇಪಿಸಿದರು: ಈ ಅಡುಗೆಮನೆ ಹೆಣ್ಣಿನ ಕೆಲಸವನ್ನು ಹಗುರ ಮಾಡಿತು ನಿಜ, ಆದರೆ ಅದು ಅವಳೊಬ್ಬಳದೇ ಕೆಲಸ ಎಂಬುದನ್ನು ಗೋಡೆ ಎಬ್ಬಿಸಿ ಖಾಯಂ ಮಾಡಿತು.

ಹಾಗೆಂದು ಲಿಹೋಟ್ಸ್ಕಿಯವರನ್ನು ಹೆಣ್ಣಿನ ಜಾಗ ಅಡುಗೆಮನೆ ಎಂದವರ ಸಾಲಿಗೆ ಸೇರಿಸುವುದು ಅನ್ಯಾಯ. ಹೊರಗೆ ದುಡಿಯುವ ಹೆಂಗಸಿಗೆ ತನ್ನದೆನ್ನುವ ಹೊತ್ತು ಉಳಿಯಲಿ ಎಂಬುದೇ ಆಕೆಯ ಆಸೆಯಾಗಿತ್ತು. ನಾಜಿಗಳ ವಿರುದ್ಧ ಕೆಲಸ ಮಾಡಿ 1941ರಲ್ಲಿ ಬಂಧನಕ್ಕೊಳಗಾಗಿ 1945ರವರೆಗೆ ಸೆರೆಯಲ್ಲಿದ್ದ ಧೀರೆ ಆಕೆ. ಇದನ್ನು ರೂಪಿಸುವ ಮುಂಚೆ ತಾನು ಅಡುಗೆ ಮಾಡಿದವಳೇ ಅಲ್ಲ ಎಂದೂ ಸಂಕೋಚವಿಲ್ಲದೆ ಹೇಳಿಕೊಂಡಿದ್ದರು. ನೂರು ದಾಟಿ ಬದುಕಿ 2000ದಲ್ಲಿ ತೀರಿಕೊಂಡರು. ತಪ್ಪು ಆಕೆಯ ಲೆಕ್ಕದಲ್ಲಿಲ್ಲ, ಲೆಕ್ಕ ಶುರುವಾಗುವ ಮೊದಲೇ ಎಲ್ಲರೂ ಒಪ್ಪಿಕೊಂಡಿದ್ದ ಮಾತಿನಲ್ಲಿದೆ. ಅಡುಗೆ ಮಾಡುವವಳು ಒಬ್ಬಳೇ ಎಂದಾದ ಮೇಲೆ ಒಬ್ಬಳಿಗೆ ಸಾಲುವ ಕೋಣೆಯೇ ಅತ್ಯುತ್ತಮ ರೂಪ. ಸೂತ್ರ ಅಲ್ಲಿ ಸೋಲಲಿಲ್ಲ, ಚಾಚೂ ತಪ್ಪದೆ ನಡೆಯಿತು.

ಇಂದು ನಮ್ಮ ಊರುಗಳಲ್ಲಿ ‘ಮಾಡ್ಯುಲರ್ ಕಿಚನ್’ ಎಂದು ಮಾರುವುದು ಈ ಕೋಣೆಯ ವಂಶದ್ದೇ. ಗೋಡೆಗಂಟಿದ ಕಪಾಟು, ಒಂದೇ ಎತ್ತರದ ಕಟ್ಟೆ, ಅಳತೆಗೆ ಸರಿಯಾದ ಡ್ರಾಯರ್. ಕೂತೆದ್ದು ಮಂಡಿ ಸವೆಸಿಕೊಂಡವರಿಗೆ ನಿಂತು ಮಾಡುವ ಕಟ್ಟೆ ಸುಖವೇ ಸರಿ, ಅದನ್ನು ಹಳಿಯಲಾರೆ. ಆದರೆ ನಮ್ಮ ಅಡುಗೆಗೆ ನೆಲವೂ ಬೇಕು. ಈಳಿಗೆಮಣೆ ಇಟ್ಟುಕೊಂಡು ಕೂರಲು, ಹಬ್ಬದ ದಿನ ಒಬ್ಬಳು ಹೂರಣ ತುಂಬಿ ಇನ್ನೊಬ್ಬಳು ಒಬ್ಬಟ್ಟು ತಟ್ಟಲು, ಸೊಪ್ಪು ಬಿಡಿಸುತ್ತ ಅತ್ತೆ ಹಳೆಯ ಕತೆ ತೆಗೆಯಲು. ಇವೂ ಅಡುಗೆಮನೆಯ ಉಪಯೋಗಗಳೇ. ನಕ್ಷೆಯಲ್ಲಿ ಮಾತ್ರ ಇವಕ್ಕೆ ಜಾಗವಿಲ್ಲ. ಈಗ ಅಡುಗೆಮನೆಯ ಗೋಡೆ ಒಡೆದು ಹಾಲಿಗೆ ಸೇರಿಸುವ ಪದ್ಧತಿ ಬಂದಿದೆ. ಕೂತವರಿಗೆ ಅಡುಗೆ ಮಾಡುವವಳು ಕಾಣುತ್ತಾಳೆ, ಆದರೆ ಎಷ್ಟೋ ಕಡೆ ಒಲೆಯ ಮುಂದೆ ನಿಲ್ಲಲು ಜಾಗವಿರುವುದು ಈಗಲೂ ಒಬ್ಬರಿಗೇ.

ಮನೆ ಕಟ್ಟಿಸುವಾಗ ಟೈಲ್ಸಿನ ಬಣ್ಣ, ಕಟ್ಟೆಯ ಗ್ರಾನೈಟು ನಮ್ಮನ್ನು ಕೇಳುತ್ತಾರೆ. ಅದಕ್ಕೂ ಮುಂಚೆ, ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ, ನಾವು ಕೇಳಬೇಕಾದ್ದು ಒಂದಿದೆ: ಇಲ್ಲಿ ನನ್ನ ಜೊತೆ ನಿಲ್ಲುವವರು ಎಲ್ಲಿ ನಿಲ್ಲುತ್ತಾರೆ? ಮಗಳೋ ಸೊಸೆಯೋ ಆಗಬೇಕೆಂದಿಲ್ಲ, ಗಂಡನೂ ಮಗನೂ ಆಗಬಹುದು. ಎರಡಡಿ ಜಾಗ ಹೆಚ್ಚು ಬಿಟ್ಟರೆ ಅವರು ಬಂದೇ ಬರುತ್ತಾರೆಂದು ಹೇಳಲಾರೆ. ಬಿಡದಿದ್ದರೆ, ಬರಲು ಜಾಗವೇ ಇಲ್ಲವೆಂಬ ನೆಪವನ್ನು ನಾವೇ ಕಟ್ಟಿಸಿಕೊಟ್ಟಂತಾಗುತ್ತದೆ.