ನಾರಿನ ಕುಂಚ

ಚಿತ್ತಾರಕ್ಕೆಂದು ಗುರಿಗೆ ಕಾಯಿಯಿಂದ ಹಳದಿ ತೆಗೆಯುವ ಕ್ರಮವನ್ನು ಈ ವಾರ ವಿಸ್ತರಿಸಿ ಬರೆಯುವೆನೆಂದು ಹಿಂದೆ ಹೇಳಿದ್ದೆನು. ಆದರೆ ವಿಜಯದಶಮಿ ಕಳೆದು ಆಶ್ವಯುಜದ ಹುಣ್ಣಿಮೆ ಹತ್ತಿರವಾಗಿ, ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ, ಭೂಮಿಗೆ ಬಯಕೆಯೂಟ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಯ ಬಿಳಿಯಿಂದ ಬತ್ತದ ಸಸಿಯನ್ನೂ ನೇಗಿಲನ್ನೂ ಬರೆಯುವ ಕೆಲಸ ಭರದಿಂದ ನಡೆದಿರುವ ಈ ದಿನಗಳಲ್ಲಿ, ಮನಸ್ಸು ಬಣ್ಣವನ್ನು ಬಿಟ್ಟು ಕುಂಚದ ಕಡೆಗೇ ಹರಿಯುತ್ತಿದೆ. ಹಳದಿ ಕಾಯಬಲ್ಲದು, ಹುಣ್ಣಿಮೆ ಕಾಯದು.

ಆ ಕುಂಚಕ್ಕೆ ನಾರು ಕೊಡುವ ಪುಂಡಿಯ ಪರಿಚಯವನ್ನು ಈ ಅಂಕಣದ ಓದುಗರಿಗೆ ಮಾಡಿಕೊಡಬೇಕಾಗಿಲ್ಲ. ಉತ್ತರದ ಬಯಲುಸೀಮೆಯಲ್ಲಿ ಜೋಳದ ರೊಟ್ಟಿಯೊಡನೆ ಪಲ್ಯವಾಗಿ ಮರ್ಯಾದೆ ಪಡೆದಿರುವ ಈ ಸಸ್ಯವು, ಮಲೆನಾಡಿನ ಹಿತ್ತಿಲ ಅಂಚಿನಲ್ಲಿ ಆಳೆತ್ತರಕ್ಕೆ ಬೆಳೆದು, ನಡುವೆ ಕಡುಗೆಂಪು ತಳೆದ ತಿಳಿಹಳದಿ ಹೂಗಳನ್ನು ಅರಳಿಸಿ ನಿಂತಿದ್ದರೂ, ಜೋಗದ ಜಲಪಾತವನ್ನು ನೋಡಲೆಂದು ಆ ದಾರಿಯಲ್ಲಿ ಧಾವಿಸುವ ವಾಹನಗಳಲ್ಲಿ ಒಂದಾದರೂ ಅದರೆದುರು ನಿಂತುದನ್ನು ನಾನು ಕಂಡಿಲ್ಲ. ನಿಸರ್ಗವೆಂದರೆ ಅಭಯಾರಣ್ಯ, ಜಲಪಾತ, ಹುಲಿ ಎಂದು ಬಗೆದವರಿಗೆ ಬೇಲಿಯ ಗಿಡವು ನಿಸರ್ಗವಾಗಿ ತೋರುವುದೇ ಇಲ್ಲ. ಅದನ್ನು ಬಲ್ಲವರು ಅದರಿಂದ ಏನನ್ನಾದರೂ ಮಾಡಬಲ್ಲವರು. ಹೂ ಬಿಡುವ ಕಾಲಕ್ಕೆ ಕಡಿದ ಕಾಂಡಗಳನ್ನು ಕಟ್ಟುಕಟ್ಟಿ ನೀರಿನಲ್ಲಿ ಕೊಳೆಹಾಕಿದರೆ ತೊಗಟೆ ಸಡಿಲಗೊಂಡು, ಕೈಯಿಂದ ಸುಲಿದಾಗ ನಾರು ಎಳೆಎಳೆಯಾಗಿ ಬಿಡುತ್ತದೆ. ಅದನ್ನು ತೊಳೆದು, ಒಣಗಿಸಿ, ಬೇಕಾದಷ್ಟು ಎಳೆಗಳನ್ನು ಕೂಡಿಸಿ ಬಿಗಿದರೆ ಕುಂಚವಾಯಿತು.

ಈ ಕುಂಚದ ಸ್ವಭಾವವನ್ನು ಕೊಂಚ ಹತ್ತಿರದಿಂದ ನೋಡಬೇಕು. ಅಂಗಡಿಯ ಬ್ರಷ್ಷು ಒತ್ತಿದರೆ ಬಾಗಿ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ನೀರುಂಡ ನಾರಿಗೆ ಆ ಸೆಟೆತವಿಲ್ಲ. ಅದು ಗೋಡೆಯ ಮೇಲೆ ತನ್ನ ಉದ್ದಕ್ಕೂ ಒರಗಿಕೊಳ್ಳುತ್ತದೆ. ಆದುದರಿಂದ ಬರೆಯುವ ಹೆಂಗಸು ಅದನ್ನು ಒತ್ತುವುದಿಲ್ಲ, ಎಳೆಯುತ್ತಾಳೆ. ಮದುವೆಯ ಚಿತ್ತಾರ ಬರೆದ ಹಸೆಗೋಡೆಯ ಆ ನೀಳವಾದ, ಒಂದಕ್ಕೊಂದು ತಗಲದೆ ಒತ್ತೊತ್ತಾಗಿ ಸಾಗುವ ಎಳೆಗಳ ಋಜುತ್ವಕ್ಕೆ ಅವಳ ಕೈಯ ಸ್ಥೈರ್ಯವೆಷ್ಟು ಕಾರಣವೋ ನಾರಿನ ಈ ಗುಣವೂ ಅಷ್ಟೇ ಕಾರಣವೆಂದು ನಾನು ನಂಬಿದ್ದೇನೆ. ಇದಕ್ಕಿಂತಲೂ ವಿಸ್ಮಯಕರವಾದ ಸಂಗತಿಯೊಂದುಂಟು. ನೆನೆದ ಅಕ್ಕಿಯನ್ನು ನುಣ್ಣಗೆ ಅರೆದು ಮಾಡಿದ ಬಿಳಿಯು ಕೆಮ್ಮಣ್ಣಿನ ಮೇಲೆ ಬಿದ್ದ ಕ್ಷಣದಲ್ಲಿ ಬಿಳಿಯಾಗಿ ಕಾಣುವುದಿಲ್ಲ. ತೇವವಾರುವ ತನಕ ಅದು ಕೆಂಪಿನೊಳಗಿನ ಒಂದು ಮಸುಕು ಛಾಯೆ ಮಾತ್ರ. ಆರುತ್ತ ಆರುತ್ತ ಬೆಳ್ಳಗಾಗುತ್ತದೆ. ಅಂದಮೇಲೆ, ಎರಡನೆಯ ಎಳೆಯನ್ನು ಎಳೆಯುವಾಗ ಮೊದಲನೆಯದು ಇನ್ನೂ ಪೂರ್ತಿ ಕಣ್ಣಿಗೆ ಬಿದ್ದಿರುವುದಿಲ್ಲ. ಜೋಗಿ ಜಡೆಯೆಂಬ ಹೆಣಿಗೆಯಂಥ ಸೂಕ್ಷ್ಮವಾದ ವಿನ್ಯಾಸವನ್ನು ಅರೆಗಾಣುವ ಗೆರೆಗಳಿಂದ ಕಟ್ಟುವವಳ ಕಣ್ಣಿಗಿಂತ ಮೊದಲೇ ಕೈಗೆ ಅಳತೆ ತಿಳಿದಿರಬೇಕು.

ಡಬ್ಬಿಯ ಬಣ್ಣದಿಂದ ಹಲಗೆಯ ಮೇಲೆ ಚಿತ್ತಾರ ಬರೆಯುವ ಹೊಸ ಪಂಥದವರೊಡನೆ ನನಗಿರುವ ಹಳೆಯ ವ್ಯಾಜ್ಯದ ಮೂಲವು ಇಲ್ಲಿದೆ. ಅವರಿಂದ ಈ ಕಲೆಯ ಹೆಸರು ದೂರದ ಊರುಗಳಿಗೆ ಹೋಗಿದೆ. ಬರೆಯುವ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸೇರಿದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಣ್ಣ ಬಾಳಿಕೆ ಬರುತ್ತದೆಂಬ ಅವರ ಸಮರ್ಥನೆಯನ್ನು ಒಪ್ಪಲಾರೆ. ಮದುವೆಯ ಗೋಡೆಗೆ ಬಾಳಿಕೆಯನ್ನು ಕೇಳಿದವರಾರು? ಇನ್ನೊಂದು ಮದುವೆ ಒದಗಿದಾಗ ಅದಕ್ಕೆ ಮತ್ತೆ ಕೆಮ್ಮಣ್ಣು ಬೀಳಬೇಕು, ಕಪ್ಪಿಗಾಗಿ ಅಕ್ಕಿಯನ್ನು ಮತ್ತೆ ಕರಿಕಾಗುವಂತೆ ಹುರಿಯಬೇಕು, ಹಾಡಬಲ್ಲ ಅಜ್ಜಿಯ ಮಗ್ಗುಲಲ್ಲಿ ಮೊಮ್ಮಗಳು ಕುಳಿತು ಮತ್ತೆ ಎಳೆ ಎಳೆಯಬೇಕು. ಅಳಿಸಿಹೋಗುವ ಚಿತ್ತಾರವೇ ಬರೆಯುವ ಕೈಗಳನ್ನು ಉಳಿಸಿದೆ. ಹಚ್ಚಿದೊಡನೆ ಎದ್ದು ಕಾಣುವ ಡಬ್ಬಿಯ ಬಿಳಿಯಲ್ಲಿ ಕಲಿತವಳಿಗೆ ಆ ಕಾಣದ ಗೆರೆಯ ಶಿಕ್ಷಣ ದೊರೆಯುವುದಿಲ್ಲ. ಪುಂಡಿಯನ್ನು ಬಿತ್ತಬೇಕಾದ ಕಾರಣವೂ ಅವಳ ಮನೆಯವರಿಗೆ ಇರುವುದಿಲ್ಲ.

ಬುಟ್ಟಿಯ ಹೊರಮೈಯನ್ನೇ ಹೊಗಳಿ ಒಳಗಿನದನ್ನು ಮರೆತರೆ ಅಪಚಾರವಾದೀತು. ಹುಣ್ಣಿಮೆಯ ಇರುಳೆಲ್ಲ ಎಚ್ಚರಿದ್ದು ಹೆಂಗಸರು ಬೇಯಿಸುವ ಹಚ್ಚಂಬಲಿಯಲ್ಲಿ ಹಾಗಲ, ಅಮಟೆಗಳ ಜೊತೆಗೆ ಬೇಲಿಸಾಲಿನ, ಗದ್ದೆಯಂಚಿನ ಹತ್ತು ಹಲವು ಸೊಪ್ಪುಗಳು ಸೇರುತ್ತವೆ. ಬಗೆ ಹೆಚ್ಚಿದಷ್ಟೂ ಶ್ರೇಷ್ಠ. ಬೆಳಕು ಹರಿಯುವ ಮುನ್ನ ಗಂಡಸರು ಅದನ್ನು ಹೊತ್ತೊಯ್ದು, ತೆನೆಗಟ್ಟುವ ಗದ್ದೆಯಲ್ಲಿ, ಬಸುರಿಯಾದ ಭೂಮಿಗೆ ಬಯಕೆಯೂಟವೆಂದು ಬೀರುತ್ತಾರೆ. ಆ ಸೊಪ್ಪುಗಳನ್ನೆಲ್ಲ ಗುರುತಿಸಿ ಕೊಯ್ದು ತರಬಲ್ಲ ಮುದುಕಿಯ ಸಸ್ಯಜ್ಞಾನವನ್ನು ಯಾವ ಶಾಲೆಯ ಪರೀಕ್ಷೆಯೂ ಅಳೆದಿಲ್ಲ. ನನ್ನ ನಿತ್ಯಪಾರಾಯಣದ ಗ್ರಂಥವಾದ ‘ಹಸುರು ಹೊನ್ನು’ವಿನಲ್ಲಿ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತುತ್ತ, ಶಾಸ್ತ್ರದ ಹೆಸರಿನೊಡನೆ ಜನರ ಬಳಕೆಯನ್ನೂ ಆದರದಿಂದ ದಾಖಲಿಸಿದರು. ಗಿಡಗಳ ಚಿತ್ರಗಳನ್ನು ತಮ್ಮ ಕೈಯಿಂದಲೇ ಬರೆದರು. 1978ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎಲೆಯ ಅಂಚನ್ನು ಒಮ್ಮೆ ಗೆರೆಯಲ್ಲಿ ಹಿಡಿದವನು ಅದನ್ನು ಮತ್ತೆ ಮರೆಯಲಾರನೆಂಬುದಕ್ಕೆ ಆ ಪುಸ್ತಕದ ಚಿತ್ರಗಳನ್ನು ನೋಡಿದರೆ ಸಾಕು.

ಕುಂಚ ಕಟ್ಟಿ ನೋಡುವ ಆಸೆಯುಳ್ಳವರು ಪುಂಡಿ ಹೂವಿಗೆ ಬಂದಿರುವ ಈಗಲೇ ಕೆಲವು ಕಾಂಡಗಳನ್ನು ಕಡಿದಿಟ್ಟುಕೊಳ್ಳಲಿ. ಕಾಯಿ ಬಲಿತ ಮೇಲೆ ನಾರು ಒರಟಾಗುತ್ತದೆ. ಬೀಜಕ್ಕೆಂದು ಎರಡು ಗಿಡಗಳನ್ನು ಮಾತ್ರ ಮುಟ್ಟದೆ ಬಿಡಬೇಕು. ನೀರಿನಿಂದ ತೆಗೆಯುವ ಹೊತ್ತನ್ನು ದಿನ ಎಣಿಸಿ ನಿರ್ಧರಿಸದೆ, ಆಗಾಗ ಒಂದು ಕಾಂಡವನ್ನೆತ್ತಿ ಬುಡದ ಕಡೆಯಿಂದ ತೊಗಟೆಯನ್ನು ಎಳೆದು ನೋಡಬೇಕು. ಅದು ತಡೆಯಿಲ್ಲದೆ ತುದಿಯವರೆಗೆ ಸುಲಿದುಬಂದರೆ ಹದವಾಯಿತೆಂದು ತಿಳಿಯುವುದು.